ಹಿತ್ತಿಲಿಗೆ ಬಂದ ಚೈತ್ರ

ಮಾಘ ಕಳೆದು ಫಾಲ್ಗುಣ ಕಾಲಿಟ್ಟಿತೆಂದರೆ ಬೆಂಗಳೂರಿನ ಅನೇಕ ಮನೆಗಳಲ್ಲಿ ಒಂದು ಸಣ್ಣ ಕಲಹ ಮೊದಲಾಗುತ್ತದೆ. ಗೇಟಿನ ಬಳಿಯ ಹೊಂಗೆಯ ಮರ ಇದ್ದಕ್ಕಿದ್ದಂತೆ ಹಳದಿಗೆ ತಿರುಗಿ ಎಲೆಯನ್ನೆಲ್ಲ ಚೆಲ್ಲತೊಡಗುತ್ತದೆ. ಮುಂಜಾನೆ ಗುಡಿಸಿ ರಂಗವಲ್ಲಿಯಿಟ್ಟ ಅಂಗಳ ಕಾಫಿ ಮುಗಿಯುವುದರೊಳಗೆ ಮತ್ತೆ ಮುಚ್ಚಿಹೋಗಿರುತ್ತದೆ. “ಇದನ್ನು ಕಡಿಸಿಬಿಡಬಾರದೇ?” ಎಂದು ಗೃಹಿಣಿ ಕೇಳುತ್ತಾಳೆ. ಮರ ಒಣಗಿಯೇ ಹೋಯಿತೇನೋ ಎಂದು ಯಜಮಾನರೂ ತಲೆದೂಗುತ್ತಾರೆ. ಇನ್ನು ಕೆಲವು ದಿನ ತಾಳಿದ್ದರೆ ಆ ಮಾತೇ ಹುಟ್ಟುತ್ತಿರಲಿಲ್ಲ.

ಏಕೆಂದರೆ, ಬೋಳಾದ ಆ ಕೊಂಬೆಗಳ ತುದಿಯಲ್ಲಿಯೇ ನಸುಗೆಂಪಿನ ಚಿಗುರು ಕಣ್ಣು ಬಿಡುತ್ತಿರುತ್ತದೆ. ಮಳೆಯ ಸುಳಿವಿಲ್ಲ, ಬಿಸಿಲು ದಿನದಿಂದ ದಿನಕ್ಕೆ ಏರುತ್ತಿದೆ. ಇಂಥ ಹೊತ್ತಿನಲ್ಲಿ ಚಿಗುರುವ ಧೈರ್ಯ ಮರಕ್ಕೆ ಎಲ್ಲಿಂದ ಬಂತು? ಎಲೆಯುದುರಿದ ಮೇಲೆ ನೀರಿನ ವೆಚ್ಚ ತಗ್ಗುತ್ತದೆ. ಆಳದ ಬೇರು ಹೀರಿದ ನೀರು ಕಾಂಡದಲ್ಲಿ ಕೂಡಿಕೊಳ್ಳುತ್ತದೆ. ಆ ಉಳಿತಾಯದ ಬಲದಿಂದಲೇ ಮೊಗ್ಗೊಡೆಯುತ್ತದೆ. ಅವಸರಕ್ಕೆ ಇನ್ನೊಂದು ಕಾರಣವೂ ಉಂಟು. ಮುದುಮಲೆಯ ಕಾಡಿನಲ್ಲಿ ಮುರಳಿ ಮತ್ತು ಸುಕುಮಾರ್ ಎಂಬ ವಿಜ್ಞಾನಿಗಳು ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮಳೆಗೆ ಮುನ್ನವೇ ಚಿಗುರಿದ ಮರಗಳಿಗೆ ಕೀಟಗಳ ಬಾಧೆ ಕಡಿಮೆ. ಮಳೆಯೊಡನೆ ಹುಳುಗಳ ಸೈನ್ಯ ಏಳುವ ಹೊತ್ತಿಗೆ ಎಲೆ ಬಲಿತು ಗಡುಸಾಗಿರುತ್ತದೆ.

ಚಿಗುರು ಕೆಂಪಾಗಿರುವುದೂ ವ್ಯರ್ಥವಲ್ಲ. ಹಸಿರು ದ್ರವ್ಯ ಇನ್ನೂ ತುಂಬದ ಎಳೆಯ ಎಲೆಗೆ ಆ ಬಣ್ಣ ಪ್ರಖರವಾದ ಬಿಸಿಲಿನಿಂದ ಮರೆ. ಮಾವಿನಲ್ಲಿ, ಬೇವಿನಲ್ಲಿ ಅದನ್ನು ಎಲ್ಲರೂ ಕಂಡಿರುತ್ತಾರೆ. ಅದರ ಪೂರ್ಣ ವೈಭವ ಅಶೋಕದಲ್ಲಿ. ಅದರ ತಾಮ್ರವರ್ಣದ ಚಿಗುರು ಒದ್ದೆ ಬಟ್ಟೆಯಂತೆ ಜೋತುಬಿದ್ದಿರುತ್ತದೆ. (ಕಾಂಪೌಂಡಿನುದ್ದಕ್ಕೂ ಕಂಬದಂತೆ ನಿಲ್ಲಿಸುವ ಮರ ಅಶೋಕವೆಂಬ ಹೆಸರನ್ನು ಸುಮ್ಮನೆ ಹೊತ್ತಿದೆ, ಸೀತೆಯ ಅಶೋಕ ಅದಲ್ಲ.) ನಿಜವಾದ ಅಶೋಕದ ಕಿತ್ತಳೆಗೆಂಪು ಗೊಂಚಲೂ ಇದೇ ದಿನಗಳಲ್ಲಿ ಅರಳುತ್ತದೆ.

ಮುಂದಿನ ಕಲಹ ಕರಿಬೇವಿನದು. ಎಳೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಏನೋ ಅಂಟಿಕೊಂಡಿರುತ್ತದೆ. ನಾಲ್ಕು ದಿನ ಬಿಟ್ಟು ನೋಡಿದರೆ ಅದು ಹಸಿರು ಹುಳುವಾಗಿ ರೆಂಬೆಯನ್ನೇ ಬೋಳಿಸುತ್ತಿರುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲುಕೋಡು ಚಾಚಿ ಕಟುವಾದ ವಾಸನೆ ಹರಡುತ್ತದೆ. ಕೂಡಲೇ ಅಂಗಡಿಯಿಂದ ಔಷಧಿ ತಂದು ಸಿಂಪಡಿಸುವವರುಂಟು. ಮರುದಿನ ಒಗ್ಗರಣೆಗೆ ಬೀಳುವುದು ಅದೇ ಎಲೆಯೆಂಬುದು ಆಗ ಅವರ ನೆನಪಿಗೆ ಬರುವುದಿಲ್ಲ! ಆ ಹುಳುವೇ ಮುಂದೆ ಕಪ್ಪು ರೆಕ್ಕೆಯ ಮೇಲೆ ಬಿಳಿಯ ಚುಕ್ಕೆಗಳ ಸಾಲು ಹೊತ್ತ ಚಿಟ್ಟೆ. ಗಿಡ ಬಲಿತಿದ್ದರೆ ಮತ್ತೆ ಚಿಗುರಿಕೊಳ್ಳುತ್ತದೆ. ತೀರ ಎಳೆಯ ಸಸಿಯಾದರೆ ಮಾತ್ರ ಹುಳುವನ್ನು ಮೆಲ್ಲನೆ ಎತ್ತಿ ಬೇರೆ ಗಿಡಕ್ಕೆ ಬಿಟ್ಟರಾಯಿತು. ಅದೂ ಕರಿಬೇವೋ ನಿಂಬೆಯೋ ಆಗಿರಬೇಕು, ಬೇರೆ ಸೊಪ್ಪು ಅದಕ್ಕೆ ಒಗ್ಗದು.

ಉದುರಿದ ಹೊಂಗೆಯ ಎಲೆಗೆ ಬೆಂಕಿಯಿಡುವ ಪದ್ಧತಿಯಂತೂ ಶುದ್ಧ ದುಂದು. ರೈತರು ಹೊಲಕ್ಕೆ ಹೊತ್ತು ಹಾಕುವ ಗೊಬ್ಬರದ ಸೊಪ್ಪು ಅದು. ಗಿಡಗಳ ಬುಡದಲ್ಲಿ ಕಾಂಡಕ್ಕೆ ತಾಕದಂತೆ ಹರಡಿದರೆ ಮಣ್ಣಿನ ತೇವ ಆರುವುದಿಲ್ಲ, ಎರಡು ಕೊಡ ಸುರಿಯುವಲ್ಲಿ ಒಂದು ಸಾಕಾಗುತ್ತದೆ.

ಬೇಲಿಯ ಮೇಲಿನ ಅಮೃತಬಳ್ಳಿಯ ಗತಿ ಇನ್ನೂ ಕನಿಕರದ್ದು. ಬೇಸಗೆಯಲ್ಲಿ ಎಲೆ ಕಳಚಿಕೊಂಡು ಹಳೆಯ ಹಗ್ಗದಂತೆ ತೂಗುವ ಅದನ್ನು ಒಣಗಿತೆಂದು ಕಿತ್ತೆಸೆಯುವವರು ಬಹಳ. ಎಳೆಯುವ ಮುನ್ನ ಬಳ್ಳಿಯ ಮೇಲಿನ ತೆಳು ಸಿಪ್ಪೆಯನ್ನು ಉಗುರಿನಿಂದ ಒಮ್ಮೆ ಕೆರೆದು ನೋಡಬೇಕು. ಒಳಗೆ ಹಸಿರಿರುತ್ತದೆ.