ಗಂಜಿ ಕೇಳಲು ವಂಶ ಬೇಕೆ?

ಚಾರ್ಲ್ಸ್ ಡಿಕನ್ಸ್‌ನ 'ಆಲಿವರ್ ಟ್ವಿಸ್ಟ್' ಅಂದರೆ ಸಾಕು, ನಮ್ಮ ಇಂಗ್ಲಿಷ್ ಮೇಷ್ಟ್ರುಗಳ ಕಣ್ಣು ಒದ್ದೆಯಾಗುತ್ತದೆ. ಪಾಪದ ಹುಡುಗ, ತಬ್ಬಲಿ, ಗಂಜಿ ಕೇಳಿ ಏಟು ತಿಂದ, ಕಡೆಗೆ ದೇವರು ಕಣ್ಣು ಬಿಟ್ಟ. ಇಷ್ಟು ನೋಟ್ಸ್ ಬರೆಸಿ ಕೈತೊಳೆದುಕೊಳ್ಳುತ್ತಾರೆ. ನನಗೂ ಹಾಗೇ ಬರೆಸಿದರು. ಗೆಳೆಯರೇ, ಆ ನೋಟ್ಸ್ ಹರಿದು ಹಾಕಿ. ಆ ಪುಸ್ತಕದ ಮೊದಲ ಅಧ್ಯಾಯಗಳಲ್ಲಿರುವುದು ಕಣ್ಣೀರಿಗಿಂತ ಹೆಚ್ಚಾಗಿ ನಗು. ಹಲ್ಲು ಕಚ್ಚಿಕೊಂಡು ನಕ್ಕ ನಗು.

1834ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಹೊಸ ಬಡವರ ಕಾನೂನು ತಂದಿತು. ಮೈಯಲ್ಲಿ ಕಸುವಿರುವ ಬಡವನಿಗೆ ಮನೆಯಲ್ಲೇ ನೆರವು ಕೊಡಕೂಡದು, ಬೇಕಾದರೆ ವರ್ಕ್‌ಹೌಸ್ ಸೇರಲಿ. ಅದರೊಳಗಿನ ಬದುಕು ಹೊರಗಿನ ಕಡುಬಡ ಕೂಲಿಯವನ ಬದುಕಿಗಿಂತ ಕೀಳಾಗಿಯೇ ಇರಲಿ ಎಂಬುದು ಅದರ ತತ್ವ. ಅಂದರೆ ಹಸಿವು ಅಲ್ಲಿ ಆಕಸ್ಮಿಕವಲ್ಲ, ಆಡಳಿತ. ಮೂರು ವರ್ಷದಲ್ಲಿ, 1837ರ ಫೆಬ್ರವರಿಯಲ್ಲಿ, ಇನ್ನೂ 25 ತುಂಬದ ಡಿಕನ್ಸ್ ಈ ಕಥೆಯನ್ನು ಮಾಸಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಶುರು ಮಾಡಿದ.

ಅವನು ಬೈಯಲಿಲ್ಲ, ಹೊಗಳಿದ! ವರ್ಕ್‌ಹೌಸಿನಲ್ಲಿ ಗಂಡ ಹೆಂಡಿರನ್ನು ಬೇರೆ ಮಾಡುತ್ತಿದ್ದರು. ವಿಚ್ಛೇದನಕ್ಕೆ ಕೋರ್ಟಿನ ಖರ್ಚು ವಿಪರೀತ, ಅದನ್ನು ಬಡವರಿಗೆ ಬಿಟ್ಟಿಯಾಗಿ ಮಾಡಿಕೊಟ್ಟ ಮಹನೀಯರು ಎಷ್ಟು ದಯಾಳುಗಳು ಅಂತಾನೆ. ಅಲ್ಲಿ ಬಟ್ಟಲು ತೊಳೆಯುವ ಕೆಲಸವೇ ಇರಲಿಲ್ಲವಂತೆ. ಹುಡುಗರು ಚಮಚದಲ್ಲಿ ಕೆರೆದೂ ಕೆರೆದೂ ಫಳಫಳ ಹೊಳೆಯಿಸುತ್ತಿದ್ದರು. ತಬ್ಬಲಿಗಳಿಗೆ ಹೆಸರಿಡುವವನು ಬಂಬಲ್ ಎಂಬ ಪ್ಯಾರಿಷ್ ಜವಾನ. ಅಕ್ಷರಮಾಲೆಯ ಪ್ರಕಾರ ಇಡುತ್ತಾನೆ, ದನಕ್ಕೆ ನಂಬರು ಹೊಡೆದ ಹಾಗೆ.

ಮುಂದೆ ಹೆಣದ ಪೆಟ್ಟಿಗೆ ಮಾಡುವವನ ಮನೆಯಲ್ಲಿ ಆಲಿವರ್ ತಿರುಗಿಬಿದ್ದಾಗ ಇದೇ ಬಂಬಲ್ ಕಾರಣ ಕಂಡುಹಿಡಿಯುತ್ತಾನೆ: ಮಾಂಸ! ಗಂಜಿಯಲ್ಲೇ ಇಟ್ಟಿದ್ದರೆ ಹುಡುಗ ಹೀಗೆ ಸೊಕ್ಕುತ್ತಿರಲಿಲ್ಲ ಅಂತ. ಆ ಮನೆಗೆ ಕಾಲಿಟ್ಟ ರಾತ್ರಿ ಅವನಿಗೆ ಸಿಕ್ಕ ಮಾಂಸವಾದರೂ ಎಂಥದು? ನಾಯಿಗೆಂದು ಎತ್ತಿಟ್ಟದ್ದು. ತಟ್ಟೆ ನೋಡಿ ಮನುಷ್ಯನ ಯೋಗ್ಯತೆ ಅಳೆಯುವವರನ್ನು ಬಲ್ಲ ನಮಗೆ ಈ ನಗುವಿಗೆ ಟಿಪ್ಪಣಿ ಬೇಕಿಲ್ಲ.

ಇಲ್ಲಿಯವರೆಗೆ ಡಿಕನ್ಸ್ ನಮ್ಮವನು. ಇನ್ನು ಮುಂದಿನ ಮಾತು.

ಗಂಜಿಯ ಪ್ರಸಂಗವನ್ನು ಸರಿಯಾಗಿ ಓದಿ. ಕೇಳಬೇಕೆಂದು ತೀರ್ಮಾನಿಸಿದವನು ಆಲಿವರ್ ಒಬ್ಬನೇ ಅಲ್ಲ. ಹಸಿದ ಹುಡುಗರೆಲ್ಲ ಸಭೆ ಸೇರಿ ಚೀಟಿ ಎತ್ತಿದರು, ಚೀಟಿ ಅವನಿಗೆ ಬಂತು. ಕೇಳಿದ್ದು ಒಬ್ಬನ ಬಾಯಿ, ಹಸಿದದ್ದು ಒಂದು ಪಂಕ್ತಿ. ಆದರೆ ಕಾದಂಬರಿ ಆ ಪಂಕ್ತಿಯನ್ನು ಅಲ್ಲೇ ಕೂರಿಸಿ ಒಬ್ಬನ ಕೈ ಹಿಡಿದು ಹೊರಟುಬಿಡುತ್ತದೆ. ಯಾಕೆ? ಅವನು ದೊಡ್ಡ ಮನೆತನದ ರಕ್ತ! ವರ್ಕ್‌ಹೌಸಿನಲ್ಲಿ ಹುಟ್ಟಿ ಬೆಳೆದವನ ಬಾಯಲ್ಲಿ ಯಾರೂ ಕಲಿಸದ ಶಿಷ್ಟ ಇಂಗ್ಲಿಷು. ಕಳ್ಳರ ನಡುವೆ ಇದ್ದರೂ ಅಂಟದ ಕೊಳೆ. ಕಡೆಗೆ ಅಪ್ಪನ ಉಯಿಲು, ಆಸ್ತಿ.

ಒಳ್ಳೆಯತನ ಎಂಥ ಕಷ್ಟದಲ್ಲೂ ಉಳಿದು ಗೆಲ್ಲುತ್ತದೆಂದು ತೋರಿಸುವುದೇ ತನ್ನ ಉದ್ದೇಶ ಅಂತ ಡಿಕನ್ಸ್ 1841ರ ಮುನ್ನುಡಿಯಲ್ಲಿ ಹೇಳಿಕೊಂಡ. ಸರಿ ಸ್ವಾಮಿ, ಒಪ್ಪಿದೆವು. ಹಾಗಾದರೆ ಆ ಒಳ್ಳೆಯತನಕ್ಕೆ ಸಾಕ್ಷಿ ಹೇಳಲು ಶ್ರೀಮಂತರ ಗೋಡೆಯ ಮೇಲೆ ಅವನ ತಾಯಿಯ ಪಟ ಯಾಕೆ ತೂಗಬೇಕಿತ್ತು? ವಂಶವಿಲ್ಲದ ಪುಟ್ಟ ಡಿಕ್ ಒಳ್ಳೆಯವನಲ್ಲವೆ? ಆಲಿವರ್ ಹಣವಂತನಾಗಿ ಅವನನ್ನು ಹುಡುಕಿ ಬರುವ ಹೊತ್ತಿಗೆ ಅವನು ಸತ್ತಿದ್ದಾನೆ. ಆಲಿವರ್‌ನನ್ನು ಉಳಿಸಲು ಹೋದ ನ್ಯಾನ್ಸಿ ಕೊಲೆಯಾಗುತ್ತಾಳೆ. ಕೋರ್ಟಿನಲ್ಲಿ ನಿಂತು ನ್ಯಾಯಾಧೀಶರನ್ನೇ ಗೇಲಿ ಮಾಡುವ ಜೇಬುಗಳ್ಳ ಡಾಡ್ಜರ್, ಇಡೀ ಪುಸ್ತಕದಲ್ಲಿ ಡಿಕನ್ಸ್‌ನಷ್ಟೇ ಚೆನ್ನಾಗಿ ನಗಿಸಬಲ್ಲವನು, ಒಂದು ನಶ್ಯದ ಡಬ್ಬಿಗಾಗಿ ಗಡೀಪಾರಾಗುತ್ತಾನೆ.

ಇದಕ್ಕಿಂತ ಕ್ರೂರವಾದದ್ದೊಂದಿದೆ. 1824ರಲ್ಲಿ ಅಪ್ಪ ಸಾಲಕ್ಕಾಗಿ ಜೈಲು ಸೇರಿದಾಗ 12 ವರ್ಷದ ಡಿಕನ್ಸ್ ಬೂಟ್ ಪಾಲಿಷ್ ಕಾರ್ಖಾನೆಯಲ್ಲಿ ದುಡಿದ. ಅಲ್ಲಿ ಅವನಿಗೆ ಕೆಲಸ ಹೇಳಿಕೊಟ್ಟವನು, ಹೊಟ್ಟೆಯ ಪಕ್ಕ ನೋವು ಬಂದಾಗ ಬಿಸಿನೀರಿನ ಶಾಖ ಕೊಟ್ಟವನು ಬಾಬ್ ಫ್ಯಾಗಿನ್ ಎಂಬ ಕೂಲಿ ಹುಡುಗ. ಆ ಹೆಸರನ್ನೇ ಡಿಕನ್ಸ್ ತನ್ನ ಖಳನಿಗೆ ಇಟ್ಟ. ಅಷ್ಟೇ ಅಲ್ಲ, ಅವನನ್ನು ಪುಟಪುಟದಲ್ಲೂ 'ಯಹೂದಿ' ಎಂದು ಕರೆದು ಒಬ್ಬನ ಕೇಡನ್ನು ಒಂದು ಜನಾಂಗದ ಮೇಲೆ ಹೊರಿಸಿದ. 1863ರಲ್ಲಿ ಎಲೈಜಾ ಡೇವಿಸ್ ಎಂಬ ಯಹೂದಿ ಮಹಿಳೆ ಕಾಗದ ಬರೆದು ಪ್ರಶ್ನಿಸಿದ ಮೇಲೆ, 1867ರ ಆವೃತ್ತಿಯಲ್ಲಿ ಆ ಪದವನ್ನು ಎಷ್ಟೋ ಕಡೆ ಹೊಡೆದುಹಾಕಿದ. ಒಬ್ಬ ಓದುಗಳು ಮಹಾ ಲೇಖಕನ ಕೈಯಿಂದ ತಿದ್ದಿಸಿದಳು! ಓದುಗ ಅಂದರೆ ಹಾಗಿರಬೇಕು.

ಆದ್ದರಿಂದ ಡಿಕನ್ಸ್‌ನನ್ನು ಬ್ಯಾಡ ಅನ್ನುತ್ತಿಲ್ಲ. ಅಧಿಕಾರದ ಹೊಟ್ಟೆಗೆ ತಿವಿಯುವ ಆ ನಗುವನ್ನು ಅವನಿಂದ ಕಲಿಯೋಣ. ಬಂಬಲ್‌ನಂಥವನು ಕೊನೆಗೆ ತಾನು ಆಳಿದ ವರ್ಕ್‌ಹೌಸಿನಲ್ಲೇ ಗತಿಯಿಲ್ಲದೆ ಬೀಳುತ್ತಾನೆ. ಓದಿ, ಹೊಟ್ಟೆ ತುಂಬ ನಗಿ. ಆದರೆ ಆ ರಕ್ತದ ಕಥೆಯನ್ನು ಮಾತ್ರ ಅವನಿಗೇ ವಾಪಸು ಕೊಡೋಣ. ಹಳ್ಳಿಯ ಶಾಲೆಯ ಗೆಳೆಯರೇ, ಈ ಪಾಠ ಮಾಡುವಾಗ ಆಲಿವರ್‌ಗೆ ಕೊನೆಗೆ ಏನು ಸಿಕ್ಕಿತು ಅಂತ ಮಕ್ಕಳನ್ನು ಕೇಳಬೇಡಿ. ಚೀಟಿ ಎತ್ತಿದ ಉಳಿದ ಹುಡುಗರಿಗೆ ಆ ರಾತ್ರಿ ಗಂಜಿ ಸಿಕ್ಕಿತಾ ಅಂತ ಕೇಳಿ.