ಗ್ರಾಂ ಲೆಕ್ಕಕ್ಕೆ ಸಿಗದ ಕಳವು

ಮನೆಗೆ ಕನ್ನ ಬಿದ್ದ ಮರುದಿನ ಬಂದ ನೆಂಟರಿಷ್ಟರ ಬಾಯಲ್ಲಿ ಸಾಮಾನ್ಯವಾಗಿ ಎರಡೇ ಮಾತು: ‘ಎಷ್ಟು ಗ್ರಾಂ ಹೋಯಿತು?’, ‘ಹೋದದ್ದು ಹೋಯಿತು, ಜೀವಕ್ಕೇನೂ ಆಗಲಿಲ್ಲವಲ್ಲ’. ಎರಡರಲ್ಲೂ ಕೆಟ್ಟ ಮನಸ್ಸಿಲ್ಲ. ಆದರೆ ಮೊದಲನೆಯದು ನಷ್ಟವನ್ನು ಪೇಟೆಯ ಧಾರಣೆಗೆ ಇಳಿಸುತ್ತದೆ, ಎರಡನೆಯದು ಅಳುವುದಕ್ಕೆ ಕಾರಣವೇ ಇಲ್ಲ ಎನ್ನುತ್ತದೆ. ನೆನಪು ಹತ್ತಿದ ವಸ್ತು ಕಳುವಾದಾಗ ಆಗುವ ಸಂಕಟ ಆಸೆಬುರುಕತನವಲ್ಲ, ಅಗಲಿಕೆಯ ದುಃಖ. ಅದನ್ನು ಹಾಗೆಂದು ಒಪ್ಪಿಕೊಳ್ಳದೆ ಚೇತರಿಸಿಕೊಳ್ಳುವುದು ಕಷ್ಟ.

ಪೊಲೀಸ್ ದೂರಿನ ಪಟ್ಟಿಯಲ್ಲಿ ‘ಕಾಸಿನ ಸರ ಒಂದು, ಸುಮಾರು 30 ಗ್ರಾಂ’ ಎಂದಿರುತ್ತದೆ. ಕೊಂಡಿ ಸವೆದಾಗ ಅಜ್ಜಿ ಬಿಗಿದ ಕೆಂಪು ದಾರ, ಮನೆಯ ಸೊಸೆಯರೆಲ್ಲ ಧಾರೆಯ ದಿನ ಅದನ್ನೇ ತೊಟ್ಟ ಸಂಗತಿ ಆ ಸಾಲಿನಲ್ಲಿ ಹಿಡಿಯುವುದಿಲ್ಲ. ಬಟ್ಟೆಬರೆ, ಮನೆಮಠಗಳೂ ಮನುಷ್ಯನ ‘ನಾನು’ ಎಂಬುದರೊಳಗೆ ಸೇರುತ್ತವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದ. 1988ರಲ್ಲಿ ಗ್ರಾಹಕ ವರ್ತನೆಯ ವಿದ್ವಾಂಸ ರಸೆಲ್ ಬೆಲ್ಕ್ ಅದನ್ನೇ ಬೆಳೆಸಿ, ಸ್ವತ್ತುಗಳು ವ್ಯಕ್ತಿತ್ವದ ಚಾಚು, ಅವು ಹೋದಾಗ ವ್ಯಕ್ತಿಯೇ ಅಷ್ಟು ಕುಗ್ಗುತ್ತಾನೆ ಎಂದು ವಾದಿಸಿದ. ಪುಸ್ತಕದ ಮಾತು ಬೇಡವೆನ್ನುವವರು ವಾರಾಣಸಿಯತ್ತ ನೋಡಬಹುದು. 2016ರ ಕೊನೆಯಲ್ಲಿ ಅಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿಗಳು ಕಳುವಾದವು. ಮಾಜಿ ಪ್ರಧಾನಿ ಪಿ.ವಿ. ನರಸಿಂಹರಾವ್ ಕೊಟ್ಟಿದ್ದ ಬೆಳ್ಳಿಯ ಶಹನಾಯಿಯೂ ಅದರಲ್ಲಿತ್ತು. ಮರುತಿಂಗಳು ಪೊಲೀಸರ ಕೈಗೆ ಸಿಕ್ಕಿದ್ದರಲ್ಲಿ ಹೆಚ್ಚಿನದು ಕರಗಿಸಿದ ಬೆಳ್ಳಿ. ತೂಕದ ಲೆಕ್ಕದಲ್ಲಿ ಮಾಲು ವಾಪಸು ಬಂದಂತೆಯೇ. ಅದನ್ನು ಶಹನಾಯಿ ಸಿಕ್ಕಿತು ಎಂದು ಯಾರಾದರೂ ಹೇಳುತ್ತಾರೆಯೇ?

ಇದಕ್ಕೆ ನಮ್ಮಲ್ಲಿ ಬಲವಾದ ಆಕ್ಷೇಪವೊಂದಿದೆ: ವಸ್ತುವಿನ ಮೋಹವೇ ದುಃಖದ ಮೂಲ, ಅದನ್ನು ಬಿಟ್ಟರೆ ಕಳ್ಳ ಏನು ಕದ್ದಾನು? ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ಕರುಗಳು ತಾಯಿಗಾಗಿ ಹಂಬಲಿಸುತ್ತವೆಂದು ಅವನ್ನೂ ಕಳುಹಿಸಿಕೊಡಲು ಅವರು ಹೇಳಿದರೆಂಬ ಐತಿಹ್ಯವನ್ನು ಈ ಮಾತಿನವರು ಮುಂದಿಡುತ್ತಾರೆ. ಐತಿಹ್ಯ ದೊಡ್ಡದೇ. ಆದರೆ ಅಲ್ಲಿ ಕಳವನ್ನು ದಾನವಾಗಿ ಮಾರ್ಪಡಿಸಿದ್ದು ಕಳೆದುಕೊಂಡವರೇ, ತಮ್ಮ ಇಚ್ಛೆಯಿಂದ. ವೈರಾಗ್ಯ ಒಳಗಿನಿಂದ ಬರಬೇಕು. ಪಕ್ಕದ ಮನೆಯವರು ಕಾಫಿ ಕುಡಿಯುತ್ತಾ ಅದನ್ನು ಇನ್ನೊಬ್ಬರ ತಲೆಗೆ ಕಟ್ಟಲಾಗದು. ಅಲ್ಲದೆ ಕೊಡುವ ಹಕ್ಕನ್ನೂ ಕಳ್ಳ ಕಿತ್ತುಕೊಂಡಿರುತ್ತಾನೆ. ಮೊಮ್ಮಗಳಿಗೆಂದು ಎತ್ತಿಟ್ಟ ಬುಗುಡಿಯನ್ನು ಅವಳ ಕಿವಿಗೆ ಇಡುವ ಅವಕಾಶವೇ ಇಲ್ಲವಾಯಿತಲ್ಲ ಎಂಬ ಕೊರಗಿನಲ್ಲಿ ಮೋಹ ಎಷ್ಟು, ಪ್ರೀತಿ ಎಷ್ಟು ಎಂದು ಬೇರ್ಪಡಿಸುವ ತಕ್ಕಡಿ ನನಗಂತೂ ಗೊತ್ತಿಲ್ಲ.

ವಿಮೆ ಇದ್ದರೆ ಆಯಿತು, ಅಂಥದ್ದೇ ಇನ್ನೊಂದು ಮಾಡಿಸಿದರೆ ಆಯಿತು ಎನ್ನುವವರೂ ಇದ್ದಾರೆ. ವಿಮೆ ಬೇಕು, ಅದು ಸಾಲದಿಂದ ಕಾಪಾಡುತ್ತದೆ. ಆದರೆ 2004ರ ಮಾರ್ಚ್‌ನಲ್ಲಿ ಶಾಂತಿನಿಕೇತನದಿಂದ ಟಾಗೋರರ ನೊಬೆಲ್ ಪದಕ ಕಳುವಾದ ಮೇಲೆ ನೊಬೆಲ್ ಪ್ರತಿಷ್ಠಾನ ಪ್ರತಿಕೃತಿಗಳನ್ನು ಕೊಟ್ಟರೂ ಬಂಗಾಳ ಆ ಕಳವನ್ನು ಮರೆತಿಲ್ಲ. ‘ಲಾಕರಿನಲ್ಲಿ ಇಡಬಾರದಿತ್ತೇ?’ ಎಂಬ ಪ್ರಶ್ನೆಗೂ ಉತ್ತರವಿದೆ: ತೊಡದೆ, ಮುಟ್ಟದೆ ಇಟ್ಟದ್ದಕ್ಕೆ ನೆನಪು ಹತ್ತುವುದು ಕಡಿಮೆ.

ಕಾನೂನು ಈ ಭಾವನೆಯನ್ನು ಅಳೆಯಲಾರದು, ನಿಜ. ಆದರೆ ವಸ್ತುವನ್ನು ವಸ್ತುವಾಗಿಯೇ ಬೇಗ ಮರಳಿಸಬಲ್ಲದು. ಜಪ್ತಿಯಾದ ಒಡವೆ ಮೊಕದ್ದಮೆ ಮುಗಿಯುವವರೆಗೆ ಠಾಣೆಯಲ್ಲಿ ಕೊಳೆಯಬೇಕಿಲ್ಲ. ಪಂಚನಾಮೆ, ಫೋಟೊ ಮಾಡಿಸಿ, ಬಾಂಡ್ ಪಡೆದು ಒಡೆಯರಿಗೆ ಕೊಡಿ ಎಂದು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮು ಫೋಟೊ, ವಿಡಿಯೊಗಳನ್ನು ಸಾಕ್ಷ್ಯವಾಗಿ ಒಪ್ಪುತ್ತದೆ. ಆದರೆ ಸಿಕ್ಕ ಸರ ನಿಮ್ಮದೇ ಎಂದು ತೋರಿಸಲು ತೂಕವೊಂದೇ ಸಾಲದು. ಸವೆದ ಕೊಂಡಿ, ಬದಲಾದ ಕಾಸು, ಹಿಂಬದಿಯ ಗೀರು ಬೇಕು. ಆದ್ದರಿಂದ ಮನೆಯ ಒಡವೆಗಳ ಎರಡೂ ಬದಿಯ ಫೋಟೊ ಈಗಲೇ ತೆಗೆದಿಡಿ. ಯಾವುದು ಯಾರಿಂದ ಬಂತು, ಯಾರು ಯಾವಾಗ ತೊಟ್ಟರು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಕಳವಾದ ಮನೆಗೆ ಹೋದಾಗಲೂ ಗ್ರಾಂ ಕೇಳುವ ಮೊದಲು ಅದನ್ನೇ ಕೇಳಿ.