ಗ್ರಾಫಿನಲ್ಲಿ ಕಂಡ ಎರಡು ಗುಳಿ

1988ರ ಫೆಬ್ರವರಿ 5. ಜಪಾನಿನ ಗಿಂಗಾ ಉಪಗ್ರಹಕ್ಕೆ ಒಂದು ಗಾಮಾ ಕಿರಣ ಸ್ಫೋಟ ಸಿಕ್ಕಿತು. ಆಕಾಶದಲ್ಲೆಲ್ಲೋ ಒಮ್ಮೆ ಮಿಂಚಿ ಮಾಯವಾಗೋ ಇಂಥವು ಅಲ್ಲಿಯವರೆಗೆ ಬೇಕಾದಷ್ಟು ಸಿಕ್ಕಿದ್ದವು. ಆದರೆ ಇದರ ಸ್ಪೆಕ್ಟ್ರಮ್, ಅಂದರೆ ಯಾವ ಶಕ್ತಿಯ ಕಿರಣ ಎಷ್ಟು ಬಂತು ಅನ್ನೋ ಗ್ರಾಫ್, ನೋಡಿದಾಗ ಎರಡು ಕಡೆ ಗುಳಿ ಬಿದ್ದಿತ್ತು. ಒಂದು ಸುಮಾರು 20 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ, ಇನ್ನೊಂದು 40ರ ಹತ್ತಿರ. ಸರಿಯಾಗಿ ಎರಡು ಪಟ್ಟು!

ಇಂಥ ಲೆಕ್ಕ ಕಂಡರೆ ಯಾರಿಗೆ ತಾನೇ ಖುಷಿಯಾಗಲ್ಲ? ಭಾರೀ ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳು ಒಂದು ನಿರ್ದಿಷ್ಟ ಶಕ್ತಿಯ ಕಿರಣವನ್ನೂ ಅದರ ಎರಡರಷ್ಟು ಶಕ್ತಿಯದನ್ನೂ ನುಂಗುತ್ತವೆ. ಗುಳಿ ಬಿದ್ದ ಜಾಗದಿಂದ ಲೆಕ್ಕ ಹಾಕಿದರೆ ಕ್ಷೇತ್ರದ ಬಲ ಲಕ್ಷ ಕೋಟಿ ಗಾಸ್ ದಾಟುತ್ತೆ. ಅಷ್ಟು ಬಲ ನ್ಯೂಟ್ರಾನ್ ನಕ್ಷತ್ರಕ್ಕೆ ಚೆನ್ನಾಗಿ ಹೊಂದುತ್ತೆ. ಹಾಗಾದರೆ ಸ್ಫೋಟ ನಡೆದಿದ್ದು ನಮ್ಮದೇ ಗೆಲಾಕ್ಸಿಯಲ್ಲಿ, ಪಕ್ಕದ ಬೀದಿಯಲ್ಲಿ ಪಟಾಕಿ ಹೊಡೆದ ಹಾಗೆ ಅಂತ ಬಹಳ ಜನ ನಂಬಿದರು.

ತೊಡಕು ಇರೋದು ಇಲ್ಲಿ. ಉಪಗ್ರಹದ ಉಪಕರಣ ಕಿರಣದ ಶಕ್ತಿಯನ್ನು ಇದ್ದ ಹಾಗೇ ಹೇಳೋದಿಲ್ಲ. 100 ಯೂನಿಟ್ ಶಕ್ತಿಯ ಕಿರಣ ಒಳಗೆ 40 ಮಾತ್ರ ಬಿಟ್ಟು ಆಚೆ ಜಾರಿಕೊಳ್ಳಬಹುದು. ಉಪಕರಣ 40 ಅಂತಲೇ ಬರೆದುಕೊಳ್ಳುತ್ತೆ. ಹಾಗಾಗಿ ಲೆಕ್ಕವನ್ನು ಹಿಂದಕ್ಕೆ ಬಿಡಿಸೋಕೆ ಆಗಲ್ಲ. ಮೊದಲು ಒಂದು ಆಕಾರ ಊಹಿಸಬೇಕು, ಅದನ್ನು ಕಂಪ್ಯೂಟರಿನಲ್ಲಿ ಉಪಕರಣದ ಮೂಲಕ ಹಾಯಿಸಬೇಕು, ಬಂದ ಎಣಿಕೆಯ ಜೊತೆ ತಾಳೆ ನೋಡಬೇಕು. ಊಹೆ ಬದಲಾದರೆ ಗುಳಿಯ ಆಳವೂ ಬದಲಾಗುತ್ತೆ. ಜೊತೆಗೆ, ಸಿಗೋ ಕಿರಣಗಳೂ ಕಮ್ಮಿ.

1991ರಲ್ಲಿ ನಾಸಾದ ಕಾಂಪ್ಟನ್ ವೀಕ್ಷಣಾಲಯ ಮೇಲೇರಿತು. ಅದರ ಬ್ಯಾಟ್ಸಿ ಉಪಕರಣ ಒಂಬತ್ತು ವರ್ಷದಲ್ಲಿ ಸುಮಾರು 2,700 ಸ್ಫೋಟ ಹಿಡಿಯಿತು. ನಂಬುವಂಥ ಗುಳಿ ಮಾತ್ರ ಸಿಗಲಿಲ್ಲ. ಸಿಕ್ಕಿದ್ದು ನುಣುಪಾದ ದಿಬ್ಬ: ಒಂದು ಇಳಿಜಾರು, ಬಾಗು, ಇನ್ನೊಂದು ಇಳಿಜಾರು. ಡೇವಿಡ್ ಬ್ಯಾಂಡ್ ಮತ್ತು ಸಂಗಡಿಗರು 1993ರಲ್ಲಿ ಅದಕ್ಕೊಂದು ಸೂತ್ರ ಕೊಟ್ಟರು. ಇವತ್ತಿಗೂ ಅದೇ ಬಳಕೆಯಲ್ಲಿದೆ. ಸೂತ್ರ ಆಕಾರ ಹೇಳುತ್ತೆ, ಕಾರಣ ಹೇಳಲ್ಲ!

ದೂರದ ಜಗಳ ಮುಗಿಸಿದ್ದು ಬೇರೊಂದು ಸ್ಪೆಕ್ಟ್ರಮ್. 1997ರ ಮೇ 8ರ ಸ್ಫೋಟ ಆರುತ್ತಾ ಬಿಟ್ಟ ಸಾಮಾನ್ಯ ಬೆಳಕನ್ನು ಹವಾಯಿಯ ಕೆಕ್ ದೂರದರ್ಶಕ ಹಿಡಿಯಿತು. ಅದರಲ್ಲಿ ಕಬ್ಬಿಣ, ಮೆಗ್ನೀಸಿಯಂನ ಕಪ್ಪು ಗೆರೆಗಳು ಕೆಂಪಿನ ಕಡೆ ಸರಿದು ಕೂತಿದ್ದವು. ಎಷ್ಟು ಸರಿದಿವೆ ಅಂತ ಅಳೆದರೆ, ಬೆಳಕು ಹೊರಟು ಸುಮಾರು 700 ಕೋಟಿ ವರ್ಷ. ಪಕ್ಕದ ಬೀದಿಯ ಮಾತು ಅಲ್ಲಿಗೆ ಮುಗೀತು.

ಗೆರೆಗಳ ಕಥೆ ಮುಗೀಲಿಲ್ಲ. 2022ರ ಅಕ್ಟೋಬರ್ 9ರ ಸ್ಫೋಟ ಎಷ್ಟು ಪ್ರಖರ ಅಂದ್ರೆ, ಫರ್ಮಿ ಉಪಗ್ರಹದ ಉಪಕರಣಗಳೇ ಸ್ವಲ್ಪ ಹೊತ್ತು ಕಕ್ಕಾಬಿಕ್ಕಿಯಾದವು. ಆ ಹೊತ್ತು ಬಿಟ್ಟು ಮುಂದಿನ ದತ್ತಾಂಶ ನೋಡಿದ ತಂಡವೊಂದಕ್ಕೆ ಗುಳಿಯಲ್ಲ, ಉಬ್ಬು ಕಾಣಿಸಿತು. 12 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಶುರುವಾಗಿ 6ರ ಕಡೆ ಇಳಿಯಿತಂತೆ. ಎಲೆಕ್ಟ್ರಾನ್, ಪಾಸಿಟ್ರಾನ್ ಸೇರಿ ನಾಶವಾದಾಗ ಬರೋ ಬೆಳಕು, ನಮ್ಮ ಕಡೆಗೆ ನುಗ್ಗೋ ವೇಗದಿಂದ ಶಕ್ತಿ ಹೆಚ್ಚಿಸಿಕೊಂಡಿದೆ ಅನ್ನೋದು ಅವರ ವಿವರಣೆ. 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ನನಗೆ ಇದು ಗಿಂಗಾ ಗುಳಿಗಿಂತ ಗಟ್ಟಿ ಅನ್ನಿಸುತ್ತೆ, ಕಿರಣಗಳು ರಾಶಿ ರಾಶಿ ಸಿಕ್ಕಿವೆಯಲ್ಲ. ಇನ್ನೊಂದರಲ್ಲಿ ತಾಳೆ ನೋಡೋಣ ಅಂದ್ರೆ, ಇಷ್ಟು ಪ್ರಖರವಾದದ್ದು ಸುಮಾರು 10,000 ವರ್ಷಕ್ಕೊಮ್ಮೆ ಅಂತ ಅಂದಾಜು.